ಒಪ್ಪೊತ್ತಿನ ಹರಕೆ

ಜೂನ್ ೯

ನನ್ನ ಚಿಂದಿರಾಣಿಗೆ,

ಕಾಗದದಲ್ಲಿ ಮೊದಲು ಕ್ಷೇಮ ಸಮಾಚಾರ ಬರಬೇಕು ಎಂದು ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ಹಾಗೇ ಬರೆಯಲು ಕೂತೆ, ಕೈ ಏಳಲಿಲ್ಲ. ಈಗಷ್ಟೇ ದೇವರಿಗೆ ದೀಪ ಹಚ್ಚಿ ಬಂದಿದ್ದೇನೆ, ಅದೇ ಕೈಯಿಂದ ಸುಳ್ಳು ಬರೆಯಲಾರೆ. ನಾವಿಲ್ಲಿ ಕ್ಷೇಮವಾಗಿಲ್ಲ. ನಿನ್ನನ್ನು ಆ ಆಸ್ಪತ್ರೆಯ ಕಬ್ಬಿಣದ ಗೇಟಿನೊಳಗೆ ಬಿಟ್ಟು ಬಂದು ಇವತ್ತಿಗೆ ಐದು ದಿನ.

ಬರುವಾಗ ನಿನ್ನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಎದೆ ನೋಡುವ ಡಾಕ್ಟರಲ್ಲ. ದಿನಾ ನಿನ್ನನ್ನು ಎದುರು ಕೂರಿಸಿಕೊಂಡು ಮಾತಾಡುತ್ತಾರಂತಲ್ಲ, ಅವರು. ಗುಳಿಗೆಯಿಲ್ಲ, ಸೂಜಿಯಿಲ್ಲ, ಬರೀ ಮಾತು. ಅದಕ್ಕೇ ನಾನು ಅವರಿಗೆ ಮಾತಿನ ಡಾಕ್ಟರು ಎಂದು ಹೆಸರಿಟ್ಟಿದ್ದೇನೆ. "ಅಮ್ಮಾ, ಕೆಲವು ವಾರ ಫೋನು ಬೇಡ. ಕಾಗದ ಬರೀರಿ. ಎರಡು ವಿಷಯ ಮಾತ್ರ ಬೇಡ. ಊಟ ಆಯ್ತಾ ಅಂತ ಕೇಳ್ಬೇಡಿ. ದಪ್ಪ ಸಣ್ಣದ ಮಾತು ಎತ್ಬೇಡಿ," ಅಂದರು. ತಲೆಯಾಡಿಸಿ ಬಂದೆ. ಬಸ್ಸು ಹತ್ತಿದ ಮೇಲೆ ನಿನ್ನಪ್ಪನಿಗೆ ಹೇಳಿದೆ, "ಅವೆರಡು ಬಿಟ್ರೆ ಹೆತ್ತವಳಿಗೆ ಇನ್ಯಾವ ಮಾತು ಉಳಿಯುತ್ತೆ ರೀ?"

"ಹವಾ ಹೇಗಿದೆ ಅಂತ ಕೇಳು," ಅಂದರು. ಹಾಗಂದವರು ಊರು ಬರುವ ತನಕ ಮುಖ ಕಿಟಕಿಯ ಕಡೆಯಿಂದ ತಿರುಗಿಸಲಿಲ್ಲ.

ಅಲ್ಲಿ ಹವಾ ಹೇಗಿದೆ?

ಇಲ್ಲಿ ಅಂಗಡಿ ತುಂಬ ಶಾಲೆಯ ಯೂನಿಫಾರಂ ಬಟ್ಟೆ ಬಂದು ಬಿದ್ದಿದೆ. ಬೆಳಿಗ್ಗೆಯಿಂದ ಮೆಷಿನ್ ತುಳಿಯುತ್ತೇನೆ. ಎದೆ ನೋಡುವ ಡಾಕ್ಟರು ಹೇಳಿದ್ದು ಕಿವಿಯಲ್ಲೇ ಇದೆ: "ಎದೆಬಡಿತ ನಿಧಾನ ಆಗಿದೆ. ಇನ್ನೂ ಇಳಿದ್ರೆ ಇಲ್ಲಿ ಇಟ್ಕೊಳ್ಳೋಕಾಗಲ್ಲ, ದೊಡ್ಡಾಸ್ಪತ್ರೆಗೆ ಕಳಿಸ್ಬೇಕಾಗುತ್ತೆ." ಮೆಷಿನ್ನಿನ ಸದ್ದು ಕೇಳುತ್ತಾ ಕೇಳುತ್ತಾ ಅದೇ ನಿನ್ನ ಎದೆಯ ಸದ್ದು ಅನ್ನಿಸಿಬಿಡುತ್ತದೆ. ದಾರ ಮುಗಿದರೂ ಕಾಲು ನಿಲ್ಲಿಸಲು ಭಯ. ನಿನ್ನೆ ಹೀಗೇ ಒಂದಿಡೀ ಚಡ್ಡಿಯ ಬದಿ ದಾರವಿಲ್ಲದೆ ಹೊಲಿದಿದ್ದೆ. ಎತ್ತಿದರೆ ಎರಡು ತುಂಡು.

ನೀನು ಧೈರ್ಯವಾಗಿರು ಎಂದು ಬರೆಯುವುದಿಲ್ಲ. ನನ್ನ ಹತ್ತಿರ ಇಲ್ಲದ್ದನ್ನು ನಿನಗೆ ಹೇಗೆ ಕಳಿಸಲಿ?

ಬರೀ ಆಶೀರ್ವಾದ ಕಳಿಸುವ,
ನಿನ್ನ ಅಮ್ಮ


ಜೂನ್ ೨೦

ಅಮ್ಮಾ,

ಹವಾ ಚೆನ್ನಾಗಿದೆ.

ಕಾಗದಕ್ಕೆ ಉತ್ತರ ಬರೆಯಬೇಕೆಂದು ಇಲ್ಲಿ ಯಾರೂ ಒತ್ತಾಯ ಮಾಡಿಲ್ಲ. ಬರೆಯದಿದ್ದರೆ ನೀನು ಬಸ್ಸು ಹತ್ತಿ ಬಂದುಬಿಡುತ್ತೀಯ ಎಂದು ಬರೆಯುತ್ತಿದ್ದೇನೆ. ಬಂದರೆ ನನ್ನನ್ನು ಕರೆದುಕೊಂಡು ಹೋಗಲಿಕ್ಕೆ ಬಾ. ಇಲ್ಲದಿದ್ದರೆ ಬೇಡ.

ನಾವು ಆರು ಜನ ಒಂದು ಮೇಜಿಗೆ ಕೂರುತ್ತೇವೆ. ಗೋಡೆಯಲ್ಲಿ ದೊಡ್ಡ ಗಡಿಯಾರ. ಒಬ್ಬರು ನರ್ಸಕ್ಕ ನಮ್ಮ ಜೊತೆಯಲ್ಲೇ ತಮ್ಮ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತಾರೆ, ಸಿನಿಮಾ ಕಥೆ ಹೇಳುತ್ತಾರೆ. ಯಾರೂ ಕೇಳಿಸಿಕೊಳ್ಳುವುದಿಲ್ಲ. ಎಲ್ಲರಿಗೂ ತಮ್ಮ ತಟ್ಟೆಯದೇ ಭಯ. ತಟ್ಟೆಗೆ ಹೆದರುವುದು ಅಂದರೆ ನಿನಗೆ ನಗು ಬರಬಹುದು. ಕತ್ತಲಲ್ಲಿ ಹಾವು ತುಳಿದ ಹಾಗೆ ಆಗುತ್ತದೆ ಅಮ್ಮಾ, ಪ್ರತಿ ಸಲ, ದಿನಕ್ಕೆ ಆರು ಸಲ.

ಒಂದು ಕೇಳುತ್ತೇನೆ. ನಾನು ಕನ್ನಡಕದ ಅಂಗಡಿಯ ಕೆಲಸಕ್ಕೆ ಹಾಕಿಕೊಂಡು ಹೋಗುತ್ತಿದ್ದ ಬೂದು ಅಂಗಿಯನ್ನು ಒಂದು ವರ್ಷದಲ್ಲಿ ನಾಲ್ಕು ಸಲ ಒಳಕ್ಕೆ ಹಿಡಿದು ಹೊಲಿದುಕೊಟ್ಟೆ. ನಾಲ್ಕು ಸಲವೂ ಟೇಪು ಹಿಡಿದು ನೀನೇ ನನ್ನ ಅಳತೆ ತೆಗೆದೆ. ಊರವರ ಮೈಯಲ್ಲಿ ಅರ್ಧ ಬೆರಳು ಹೆಚ್ಚುಕಡಿಮೆಯಾದರೂ ಗೊತ್ತಾಗುವ ನಿನಗೆ ಏನೂ ಅನ್ನಿಸಲಿಲ್ಲವಾ?

ಇದನ್ನು ಅಮ್ಮನನ್ನೇ ಕೇಳು ಎಂದವರು ನಿನ್ನ ಮಾತಿನ ಡಾಕ್ಟರು. ನಾನು ಅವರ ಹತ್ತಿರ ಎರಡು ದಿನ ಇದನ್ನೇ ಹೇಳಿಕೊಂಡು ಅತ್ತೆ.

ನಿನ್ನ ಮಗಳು


ಜೂನ್ ೨೭

ಮಗಳೇ,

ನಿನ್ನ ಕಾಗದ ಬಂದು ಐದು ದಿನವಾಯಿತು. ಕತ್ತರಿಯ ಕೆಳಗೆ ಇಟ್ಟಿದ್ದೆ. ಬಟ್ಟೆ ಕತ್ತರಿಸಬೇಕೆಂದರೆ ಅದನ್ನು ಎತ್ತಬೇಕು, ಎತ್ತಿದರೆ ಓದಬೇಕು. ಐದು ದಿನದಲ್ಲಿ ಬಾಯಿಪಾಠವಾಗಿದೆ.

ಅನ್ನಿಸಿತ್ತು.

ಮೊದಲ ಸಲ ಏನೂ ಇಲ್ಲ, ಹರೆಯದ ಮೈ ಅಂದುಕೊಂಡೆ. ಎರಡನೆಯ ಸಲ ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಗಿರಾಕಿಗಳು "ನಿಮ್ಮ ಮಗಳಿಗೆ ಏನು ಹಾಕಿದ್ರೂ ಒಪ್ಪುತ್ತೆ" ಅನ್ನುತ್ತಿದ್ದರು, ನಾನು ಹಲ್ಲು ಕಿರಿಯುತ್ತಿದ್ದೆ. ನೀನು ಉಪವಾಸ ಅಂದಾಗಲೆಲ್ಲ, ಈ ವಯಸ್ಸಿಗೇ ಎಂಥ ಭಕ್ತಿ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದೆ. ವಾರಕ್ಕೊಂದು ದಿನ ಇದ್ದದ್ದು ಎರಡಾಯಿತು, ನಾಲ್ಕಾಯಿತು. ಇಷ್ಟೊಂದು ಉಪವಾಸ ಯಾವ ದೇವರಿಗೆ ಎಂದು ಒಂದು ದಿನವೂ ಕೇಳಲಿಲ್ಲ. ದೇವರ ಹೆಸರು ಬಂದರೆ ನನ್ನ ಬುದ್ಧಿ ಕೈಮುಗಿದು ನಿಂತುಬಿಡುತ್ತದೆ.

ಮೂರನೆಯ ಸಲ ಟೇಪು ಹಿಡಿದ ನನ್ನ ಬೆರಳಿಗೆ ನಿನ್ನ ಪಕ್ಕೆಲುಬು ತಾಕಿತು. ಅಳತೆ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ನಾಲ್ಕನೆಯ ಸಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ, ನೆನಪಿದೆಯಾ? ಬೇಕೆಂದೇ ಕಚ್ಚಿಕೊಂಡಿದ್ದೆ. ಬಾಯಲ್ಲಿ ಸೂಜಿಯಿದ್ದರೆ ಮಾತಾಡಬೇಕಾಗಿಲ್ಲವಲ್ಲ. ಆಡಿದರೆ ನಿಜವಾಗಿಬಿಡುತ್ತದೆ ಅನ್ನುವ ಭಯ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಕಥೆ ನಿನಗೆ ಹೇಳುತ್ತಿದ್ದವಳು ನಾನೇ.

ಆಮೇಲೆ ನಿನ್ನ ಅಂಗಡಿಯ ಯಜಮಾನರ ಫೋನು ಬಂತು. ಗಿರಾಕಿಯ ಕಣ್ಣಿಗೆ ಗಾಜು ಹಾಕಿ "ಈ ಸಾಲು ಓದಿ" ಅನ್ನುತ್ತಿದ್ದವಳು ಹಾಗೇ ಕುಸಿದಳು ಅಂದರು. ನಾನು ಕೇಳಿದ ಮೊದಲ ಮಾತು ಏನು ಗೊತ್ತಾ? "ಉಸಿರಿದೆಯಾ?" ಹೆತ್ತ ತಾಯಿ ಅಷ್ಟು ಸಿದ್ಧವಾಗಿದ್ದೆ ಅಂದರೆ ಎಲ್ಲ ಗೊತ್ತಿತ್ತು ಅಂತಲೇ ಅರ್ಥ.

ತಪ್ಪಾಯಿತು. ಇದಕ್ಕಿಂತ ದೊಡ್ಡ ಪದ ನಮ್ಮ ಶಾಲೆಯಲ್ಲಿ ಕಲಿಸಲಿಲ್ಲ.

ನಿನ್ನನ್ನು ಕರೆದುಕೊಂಡು ಬರಲು ಮಾತ್ರ ಬರುವುದಿಲ್ಲ. ಬೈದುಕೋ. ನನಗಾಗದ್ದು ಅಲ್ಲಿನವರಿಗೆ ಆಗುತ್ತಿದೆ: ಅವರು ಬಾಯಲ್ಲಿ ಸೂಜಿ ಕಚ್ಚಿಕೊಂಡಿಲ್ಲ. ನನ್ನ ಪಾಲಿಗೆ ಏನಾಗುತ್ತದೋ ಅದನ್ನು ನಾನು ಇಲ್ಲಿ ದೇವರ ಮುಂದೆ ಮಾಡುತ್ತಿದ್ದೇನೆ.

ನಿನ್ನ ಅಮ್ಮ


ಜುಲೈ ೧೫

ಅಮ್ಮಾ,

ನಿನ್ನ ಕಾಗದವನ್ನು ಡಾಕ್ಟರ ಎದುರಿಗೆ ಓದಿದೆ. ಗುಂಡುಸೂಜಿಯ ಜಾಗಕ್ಕೆ ಬಂದಾಗ ನನಗೆ ಮುಂದೆ ಓದಲಾಗಲಿಲ್ಲ, ಅವರೇ ಓದಿದರು. "ಇದನ್ನ ಬರೆಯೋಕೆ ಎಷ್ಟು ಹೆದರಿರ್ತಾರೋ," ಅಂದರು. ನಿನಗೂ ಹೆದರಿಕೆಯಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಇಲ್ಲಿ ಏನು ನಡೆಯುತ್ತದೆ ಎಂದು ಅಪ್ಪ ಕಾರ್ಡಿನಲ್ಲಿ ಕೇಳಿದ್ದಾರೆ. ಹೇಳುತ್ತೇನೆ. ಡಾಕ್ಟರ ಕೋಣೆಯಲ್ಲಿ ಎರಡು ಕುರ್ಚಿ, ಅವರದು ಕಿರುಗುಟ್ಟುತ್ತದೆ. ಮೊದಲ ವಾರ ನಾನು ಬರೀ ಆ ಕುರ್ಚಿಯ ಮಾತು ಕೇಳಿಸಿಕೊಂಡು ಬಂದೆ. ಆಮೇಲೆ ಒಂದು ದಿನ ಕೇಳಿದರು, "ಪೂರ್ತಿ ತಿಂದ್ರೆ ಏನಾಗುತ್ತೆ ಅಂತ ಭಯ?" ಬಾಯಿಗೆ ಬಂದದ್ದು ಇಷ್ಟೇ: ಏನೋ ಆಗುತ್ತದೆ. ಕೆಟ್ಟದ್ದು. ಏನು ಅಂತ ಗೊತ್ತಿಲ್ಲ. "ಹಾಗಾದ್ರೆ ನೋಡೋಣ, ನಾನೂ ಜೊತೆಗಿರ್ತೀನಿ," ಅಂದರು.

ನೋಡುವುದೆಂದರೆ ಇಷ್ಟೇ. ತಿನ್ನುವುದು, ತಿಂದ ಮೇಲೆ ಎದ್ದು ಹೋಗದೆ ಕೂರುವುದು. ಭಯ ಏರುತ್ತದೆ. ಹೊಟ್ಟೆ, ಎದೆ, ಗಂಟಲು. ಎಲ್ಲಿಯ ತನಕ ಬಂತು ಎಂದು ಅವರಿಗೆ ಹೇಳುತ್ತಾ ಇರಬೇಕು. ತಡೆಯಲು ಹೋಗಬಾರದು, ಓಡಬಾರದು. ತುದಿ ಮುಟ್ಟಿ ಸತ್ತೇಹೋದೆ ಅನ್ನುವಷ್ಟರಲ್ಲಿ ಅದೇ ಇಳಿಯಲು ಶುರುವಾಗುತ್ತದೆ. ಯಾಕೆ ಎಂದು ಕೇಳಿದರೆ, "ಅದಕ್ಕೂ ಸುಸ್ತಾಗುತ್ತೆ," ಅನ್ನುತ್ತಾರೆ. ಒಂದು ದಿನ ತಿನ್ನದೆ ತಿಂದೆನೆಂದು ಮೋಸ ಮಾಡಿದೆ. ಸಂಜೆ ನಾನೇ ಹೇಳಿಬಿಟ್ಟೆ. ಬೈಯಲಿಲ್ಲ. "ಹೇಳೋಕೆ ಮುಂಚೆ ಭಯ ಎಲ್ಲಿ ತನಕ ಬಂದಿತ್ತು?" ಎಂದು ಕೇಳಿದರು.

ಅಪ್ಪನ ಕಾರ್ಡಿನಲ್ಲಿ ಇನ್ನೊಂದು ಸಾಲಿತ್ತು. "ನಿನ್ನಮ್ಮ ಉಂಗುರ ಜಾರುತ್ತೆ ಅಂತ ಅದಕ್ಕೆ ದಾರ ಸುತ್ಕೊಂಡಿದಾಳೆ, ದರ್ಜಿ ಬುದ್ಧಿ ಎಲ್ಲಿಗೆ ಹೋಗುತ್ತೆ!" ಅವರು ತಮಾಷೆಗೆ ಬರೆದದ್ದು.

ಉಂಗುರಕ್ಕೆ ದಾರ ಸುತ್ತುವ ಉಪಾಯ ನನಗೂ ಗೊತ್ತು. ಹೋದ ವರ್ಷ ನಿನ್ನ ದಾರದ ಡಬ್ಬಿಯಿಂದಲೇ ಕದ್ದು ಸುತ್ತಿಕೊಂಡಿದ್ದೆ.

ಅಮ್ಮಾ, ಊಟ ಆಯ್ತಾ?

ನಿನ್ನ ಚಿಂದಿರಾಣಿ


ಜುಲೈ ೨೨

ಚಿಂದಿರಾಣಿಗೆ,

ನೀನು ಮೆಷಿನ್ನಿನ ಕೆಳಗೆ ಚಿಂದಿ ಬಟ್ಟೆಯ ರಾಶಿಯಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದ ಕಾಲದಿಂದ ಇಟ್ಟ ಹೆಸರು. ನೀನೇ ಅದನ್ನು ಬರೆದು ಸಹಿ ಹಾಕಿದ್ದು ಕಂಡು ಎಷ್ಟು ಸಂತೋಷವಾಯಿತೆಂದರೆ ಕಾಗದವನ್ನು ಇಸ್ತ್ರಿ ಮಾಡಿ ಎತ್ತಿಟ್ಟಿದ್ದೇನೆ.

ನನ್ನ ಚಿಂತೆ ನಿನಗೇಕೆ? ನನ್ನದೆಲ್ಲ ಆಗುತ್ತದೆ. ಈ ವಯಸ್ಸಿಗೆ ಹಸಿವೂ ಕಡಿಮೆ. ಯೂನಿಫಾರಂ ಕೆಲಸದಲ್ಲಿ ಕೆಲವು ಸಲ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ, ಆಮೇಲೆ ಹೊಟ್ಟೆ ತುಂಬ ತಿನ್ನುತ್ತೇನೆ. ಉಂಗುರ ಮೊದಲಿನಿಂದಲೂ ಸಡಿಲವೇ.

ಇಲ್ಲಿ ಹವಾ ಚೆನ್ನಾಗಿದೆ.

ಅಮ್ಮ


ಜುಲೈ ೩೦

ಅಮ್ಮಾ,

ಆ ಮಾತುಗಳೆಲ್ಲ ನನ್ನವು. ಹಸಿವು ಕಡಿಮೆ ಅನ್ನುವುದು ನನ್ನದು, ಹೊತ್ತು ಗೊತ್ತಾಗಲಿಲ್ಲ ಅನ್ನುವುದು ನನ್ನದು, ಆಮೇಲೆ ತಿನ್ನುತ್ತೇನೆ ಅನ್ನುವುದು ನನ್ನದು. ಎರಡು ವರ್ಷ ನಿನಗೆ ಹೇಳಿದ್ದನ್ನೇ ನನಗೆ ತಿರುಗಿಸಿ ಕಳಿಸಿದ್ದೀಯ.

ಅಪ್ಪನಿಗೆ ಬರೆದು ಕೇಳಿದೆ. ನೀನು ದಿನಕ್ಕೆ ಒಂದೇ ಹೊತ್ತು, ಅದೂ ಒಂದು ಹಿಡಿ ತಿನ್ನುತ್ತಿದ್ದೀಯಂತೆ, ಕೇಳಿದರೆ ದೇವರ ವಿಷಯ ಅನ್ನುತ್ತೀಯಂತೆ. ನನಗೋಸ್ಕರ ಅಲ್ಲವಾ?

ಮೂರು ದಿನದಿಂದ ನನ್ನ ಕೈ ಚಮಚ ಎತ್ತುತ್ತಿಲ್ಲ. ಎತ್ತಿದರೆ ನಿನ್ನ ಖಾಲಿ ತಟ್ಟೆ ಕಾಣಿಸುತ್ತದೆ. ಎದೆ ಡಾಕ್ಟರು ದೊಡ್ಡಾಸ್ಪತ್ರೆಗೆ ಫೋನು ಮಾಡಿ ವಿಚಾರಿಸುತ್ತಿದ್ದದ್ದು ಬಾಗಿಲಾಚೆಯಿಂದ ಕೇಳಿಸಿತು. ನನಗೆ ತುಂಬ ಭಯವಾಗುತ್ತಿದೆ.

ಗುರುವಾರ ಬಾ ಎಂದು ಡಾಕ್ಟರು ಹೇಳಿದ್ದಾರೆ. ಕರೆದುಕೊಂಡು ಹೋಗಲಿಕ್ಕಲ್ಲ. ಸುಮ್ಮನೆ ಬಾ.

ನಿನ್ನ ಮಗಳು


ಆಗಸ್ಟ್ ೧೨

ಮಗಳೇ,

ಗುರುವಾರ ನೀನು ಕಂಡದ್ದು ಇಷ್ಟು: ಅಮ್ಮ ಬಂದಳು, ನಿನ್ನ ಎದುರು ಮೇಜಿಗೆ ಕೂತಳು, ತಟ್ಟೆ ಮುಂದೆ ಬಂದ ತಕ್ಷಣ ಎದ್ದು ಹೊರಗೆ ಹೋದಳು. ನೀನು ಕಾಣದ್ದನ್ನು ಬರೆಯುತ್ತೇನೆ.

ಅದಕ್ಕೆ ಮುಂಚೆ ಮಾತಿನ ಡಾಕ್ಟರು ನನ್ನನ್ನು ಆ ಕಿರುಗುಟ್ಟುವ ಕುರ್ಚಿಯ ಎದುರು ಕೂರಿಸಿಕೊಂಡಿದ್ದರು. ದೇವರಿಲ್ಲ, ಗೀವರಿಲ್ಲ ಅನ್ನುತ್ತಾರೆ, ಅಂದರೆ ಎದ್ದು ಬಂದುಬಿಡೋಣ ಎಂದು ಮೈಯೆಲ್ಲ ಬಿಗಿ ಮಾಡಿಕೊಂಡು ಕೂತಿದ್ದೆ.

"ಏನಂತ ಹರಕೆ ಹೊತ್ರಿ ಅಮ್ಮಾ?" ಅಂದರು.

"ಮಗಳು ಹೊಟ್ಟೆ ತುಂಬ ಉಂಡು ಮನೆಗೆ ಬರೋ ತನಕ ನಾನು ಒಪ್ಪೊತ್ತು ಇರ್ತೀನಿ, ರಾತ್ರಿ ಒಂದು ಹಿಡಿ ಅಷ್ಟೇ ಅಂತ. ಅವಳು ಬಿದ್ದ ದಿನಾನೇ ಹೊತ್ತದ್ದು."

"ಮುರಿದ್ರೆ?"

"ಅಯ್ಯೋ, ಅದನ್ನ ಬಾಯಿ ಬಿಟ್ಟು ಹೇಳಿಸ್ತೀರಲ್ಲ! ಮುರಿದ್ರೆ ಅವಳಿಗೆ ಏನಾದ್ರೂ ಆಗುತ್ತೆ."

"ಏನು?"

"ಗೊತ್ತಿಲ್ಲ. ಕೆಟ್ಟದ್ದು."

ನನ್ನ ಮಾತು ನನಗೇ ಕೇಳಿಸಿತು. ನಿನ್ನ ಕಾಗದದಲ್ಲಿ ಓದಿದ್ದ ಮಾತು, ಅಕ್ಷರ ಅಕ್ಷರ.

"ದೇವರ ವಿಷಯ ನನಗಿಂತ ನಿಮಗೆ ಚೆನ್ನಾಗಿ ಗೊತ್ತು," ಅಂದರು ಆಮೇಲೆ. "ನನಗೆ ಗೊತ್ತಿರೋದು ಆ ಭಯ ಒಂದೇ. ನಿಮ್ಮ ಮಗಳೂ ಒಂದು ಹರಕೆ ಹೊತ್ತಿದಾಳೆ ಅನ್ಕೊಳ್ಳಿ. ಯಾವ ದೇವರಿಗೂ ಅಲ್ಲ, ಯಾಕೆ ಅಂತ ಅವಳಿಗೇ ಗೊತ್ತಿಲ್ಲ. ಅದನ್ನ ದಿನಕ್ಕೆ ಆರು ಸಲ ಮುರೀತಾಳೆ. ಆರು ಸಲಾನೂ ಸತ್ತುಬಿಡ್ತೀನಿ ಅಂತ ಹೆದರ್ತಾಳೆ."

"ನಾನು ಏನು ಮಾಡ್ಬೇಕು?"

"ಮಾಡಿ ಅಂತ ನಾನು ಹೇಳಲ್ಲ. ಹರಕೆ ನಿಮ್ಮದು. ಅವಳ ಎದುರಿಗೆ ಕೂರ್ತೀರಾ?"

ಕೂತೆ. ಮುಂದಿನದು ನಿನಗೆ ಗೊತ್ತು. ಅನ್ನದ ಹಬೆ ಮುಖಕ್ಕೆ ಬಡಿದದ್ದೇ ತಡ, ನಿನ್ನ ಹೆಣ ಕಣ್ಣಿಗೆ ಕಟ್ಟಿತು. ಬರೆಯಬಾರದ ಮಾತು, ಬರೆದೆ. ಕಾಲು ತಾನೇ ಎದ್ದಿತು. ಹೊರಗೆ ಕೈ ತೊಳೆಯುವ ನಲ್ಲಿಯ ಹತ್ತಿರ ಗೋಡೆ ಹಿಡಿದು ನಿಂತಿದ್ದೆ. ಓಡಿ ಬಂದ ತಾಯಿ. ಆಗ ಒಳಗಿನಿಂದ ನಿನ್ನ ಚಮಚ ತಟ್ಟೆಗೆ ತಾಕಿದ ಸದ್ದು ಕೇಳಿಸಿತು. ಒಂದು. ಬಹಳ ಹೊತ್ತಾದ ಮೇಲೆ ಇನ್ನೊಂದು. ನಾನಿಲ್ಲದ ಮೇಜಿನಲ್ಲಿ, ಅಷ್ಟು ದಿನದಿಂದ ಎತ್ತದ ಕೈ ಎತ್ತಿ ನೀನು ತಿನ್ನುತ್ತಿದ್ದೆ. ಐವತ್ತು ವರ್ಷದಲ್ಲಿ ಎಷ್ಟು ಹೊತ್ತು ದೇವರ ಮುಂದೆ ಕೂತಿದ್ದೇನೋ ಲೆಕ್ಕವಿಲ್ಲ. ಅಷ್ಟು ಭಕ್ತಿಯಿಂದ ಯಾವ ಸದ್ದನ್ನೂ ಕೇಳಿಲ್ಲ.

ಇವತ್ತು ಬೆಳಿಗ್ಗೆ ದೀಪ ಹಚ್ಚಿ ದೇವರಿಗೆ ಹೇಳಿದೆ: ನೀನು ಕೇಳಿರಲಿಲ್ಲ, ನಾನೇ ಹೊತ್ತೆ. ನಾನೇ ಇಳಿಸುತ್ತೇನೆ. ಕೋಪ ಬಂದರೆ ನನ್ನ ಮೇಲೆ ಬಾ, ಮಗುವಿನ ತಂಟೆಗೆ ಹೋಗಬೇಡ. ದೀಪ ಉರಿಯುತ್ತಲೇ ಇತ್ತು; ಅದಕ್ಕೊಂದು ಅರ್ಥ ಹೊಲಿಯಲು ಹೋಗಲಿಲ್ಲ.

ಈಗ ಮಧ್ಯಾಹ್ನ. ಶಾಲೆಯ ಒಂದು ಗಂಟೆಯ ಬೆಲ್ಲು ಹೊಡೆದಾಗ ನಿನ್ನಪ್ಪ ಬಸ್ ಡಿಪೋದಿಂದ ಕೈಯಲ್ಲಿ ಗ್ರೀಸಿನ ಕಲೆ ಸಮೇತ ಬಂದರು. ಕತ್ತರಿಸುವ ಮೇಜಿನ ಮೇಲೆ ಎರಡು ತಟ್ಟೆ ಇಟ್ಟೆವು. ಬಡಿಸಿಕೊಂಡೆ. ಒಂದೇ ಸಲ ದೊಡ್ಡ ತುತ್ತು ಕಲಸಿದೆ. "ನಿಧಾನಕ್ಕೆ," ಅಂದರು ಅವರು. "ನಿಂತ ಇಂಜಿನ್ನು ಒಂದೇ ಸಲ ಎಳೆದ್ರೆ ಕೆಮ್ಮುತ್ತೆ." ನಗಲು ಬಾಯಿ ತೆರೆದೆ. ತೆರೆದ ಬಾಯಿಗೆ ತುತ್ತು ಇಟ್ಟುಕೊಂಡೆ.

ಒಂದೂ ಇಪ್ಪತ್ತೈದಕ್ಕೆ ಮುಗಿಯಿತು. ಪೂರ್ತಿ. ಎದ್ದು ಹೋಗದೆ ಕೂತು ನಿನಗೆ ಬರೆಯುತ್ತಿದ್ದೇನೆ. ನೀನು ಹೇಳಿಕೊಟ್ಟ ಹಾಗೆ.

ಒಂದೂವರೆ. ಭಯ ಹೊಟ್ಟೆಯಲ್ಲಿದೆ.

ಒಂದೂ ಮೂವತ್ತೈದು. ಎದೆಗೆ ಬಂತು. ಬಾಯಿಗೆ ಬೆರಳು ಹಾಕಿ ತಿಂದದ್ದನ್ನು ದೇವರಿಗೆ ವಾಪಸು ಕೊಟ್ಟುಬಿಡಲೇ ಅನ್ನಿಸುತ್ತಿದೆ. ಇಂಥದ್ದು ನಿನ್ನ ತಲೆಯಲ್ಲೂ ಓಡುತ್ತಿತ್ತೇ? ನನ್ನ ಕೂಸೇ, ಒಬ್ಬಳೇ ಹೇಗೆ ಇದನ್ನು ಹೊತ್ತುಕೊಂಡು ಓಡಾಡಿದೆ?

ಒಂದೂ ನಲವತ್ತು. ಗಂಟಲು. ಅಂಗಡಿಯ ಫೋನು ಹೊಡೆದುಕೊಳ್ಳುತ್ತಿದೆ. ನಿಮ್ಮ ಆಸ್ಪತ್ರೆಯಿಂದಲೇ ಇರಬೇಕು. ನಿನ್ನದೇ ಸುದ್ದಿ. ನಿನ್ನಪ್ಪ ಎತ್ತುತ್ತಿದ್ದಾರೆ. ನಾನು ಅವರ ಮುಖ ನೋಡುವುದಿಲ್ಲ, ಈ ಸಾಲನ್ನೇ ನೋಡುತ್ತಿರುತ್ತೇನೆ.

ಶಾಲೆಯ ಹೆಡ್‌ಮಿಸ್ಸು. ಚಡ್ಡಿ ಯಾವಾಗ ಕೊಡ್ತೀರಿ, ಹೋದ ಸಲದ್ದು ಒಂದರ ಬದಿಗೆ ಅರ್ಧ ದಾರವೇ ಇಲ್ಲದೆ ಬಂದಿದೆ, ಹುಡುಗ ಪ್ರಾರ್ಥನೆಗೆ ನಿಂತಾಗ ಎರಡಾಯಿತು ಅಂತ ಬೈಯುತ್ತಿದ್ದಾರೆ. ನಿನ್ನಪ್ಪ ಫೋನು ಹಿಡಿದುಕೊಂಡೇ ಅಳುತ್ತಿದ್ದಾರೆ. ಆ ಹೆಂಗಸು ಏನಂದುಕೊಂಡಳೋ, "ಪರವಾಗಿಲ್ಲ ಬಿಡಿ, ಬರೀ ಚಡ್ಡಿ ತಾನೆ" ಅನ್ನುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ.

ಎರಡು ಗಂಟೆ. ಗಂಟಲಿನಿಂದ ಒಂದು ಚೂರು ಇಳಿದಿದೆ. ಪೂರ್ತಿ ಇಳಿದಿಲ್ಲ. ಸುಳ್ಳು ಬರೆಯುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ಆಯಿತು ಮಗಳೇ. ಊಟ ಆಯಿತು.

ನಿನ್ನ ಅಮ್ಮ


ಆಗಸ್ಟ್ ೨೧

ಅಮ್ಮಾ,

ಆವತ್ತು ಒಂದೂ ನಲವತ್ತಕ್ಕೆ ನಾನು ಹಿತ್ತಲಿನ ಬೆಂಚಿನ ಮೇಲೆ ನರ್ಸಕ್ಕನ ಸಿನಿಮಾ ಕಥೆ ಕೇಳುತ್ತಾ ಕೂತಿದ್ದೆ. ಏನೂ ಆಗಲಿಲ್ಲ. ನಿನಗೆ ಇದು ಬೇಕಾಗುತ್ತದೆ ಎಂದು ಬರೆದಿದ್ದೇನೆ, ಎತ್ತಿಟ್ಟುಕೋ.

ದೊಡ್ಡಾಸ್ಪತ್ರೆಯ ಮಾತು ಸದ್ಯಕ್ಕೆ ಬಿಟ್ಟಿದ್ದಾರೆ. ಎದೆ ಡಾಕ್ಟರು 'ಸದ್ಯಕ್ಕೆ' ಅನ್ನುವುದನ್ನು ಎರಡು ಸಲ ಅಂದರು. ಎಲ್ಲ ದಿನವೂ ಒಂದೇ ಥರ ಇಲ್ಲ. ಮೊನ್ನೆ ಮತ್ತೆ ಅತ್ತೆ, ತಟ್ಟೆ ದೂರ ತಳ್ಳಿದೆ. ಆಮೇಲೆ ಹತ್ತಿರ ಎಳೆದುಕೊಂಡೆ. ಎಳೆದುಕೊಂಡದ್ದನ್ನು ಬರೆ ಎಂದರು ಡಾಕ್ಟರು.

ನನ್ನ ಬೂದು ಅಂಗಿಯ ಹೊಲಿಗೆ ಬಿಚ್ಚುತ್ತೀಯಾ? ನೀನು ಯಾವ ಬಟ್ಟೆಯನ್ನೂ ಪೂರ್ತಿ ಕತ್ತರಿಸಿ ಬಿಸಾಡುವವಳಲ್ಲ, ಒಳಗೆ ಬಿಟ್ಟೇ ಇರುತ್ತೀಯ. ನಾಲ್ಕೂ ಬಿಚ್ಚು. ಹಾಕಿಕೊಳ್ಳಲು ಇನ್ನೂ ಧೈರ್ಯವಿಲ್ಲ. ಕಪಾಟಿನಲ್ಲಿ ನೇತುಹಾಕಿ ದೂರದಿಂದ ನೋಡುತ್ತೇನೆ.

ನಿನ್ನ ಚಿಂದಿರಾಣಿ


ಆಗಸ್ಟ್ ೨೯

ಚಿಂದಿರಾಣಿಗೆ,

ಈ ಪೊಟ್ಟಣದಲ್ಲಿ ಅಂಗಿ ಇದೆ. ನಾಲ್ಕು ಹೊಲಿಗೆಯನ್ನೂ ನಾನೇ ಬಿಚ್ಚಿದೆ, ಬ್ಲೇಡು ಮುಟ್ಟಿಸದೆ, ಒಂದೊಂದೇ ದಾರದ ಎಳೆಯನ್ನು ಸೂಜಿಯ ಮೊನೆಯಿಂದ. ಒಳಗೆ ಬಟ್ಟೆ ಬಿಟ್ಟಿದ್ದೆ. ಎಲ್ಲ ತಪ್ಪು ಮಾಡಿದವಳು ಅದೊಂದನ್ನು ಮಾತ್ರ ಸರಿ ಮಾಡಿದ್ದೆ. ಬಿಚ್ಚಿದ ಕಡೆ ಸೂಜಿಯ ತೂತಿನ ನಾಲ್ಕು ಸಾಲು ಕಾಣುತ್ತವೆ. ತೊಳೆದೆ, ಇಸ್ತ್ರಿ ಮಾಡಿದೆ, ಹೋಗಲಿಲ್ಲ. ಇರಲಿ. ಟೇಪು ಹಿಡಿಯಲಿಲ್ಲ, ಅಳತೆ ಪುಸ್ತಕದಲ್ಲಿದ್ದ ನಿನ್ನ ಹಾಳೆಯನ್ನು ಹರಿದು ಒಲೆಗೆ ಹಾಕಿದೆ.

ಭಯ ಹೋಗಿದೆ ಎಂದು ತಿಳಿಯಬೇಡ. ದಿನಾ ಒಂದು ಗಂಟೆಗೆ ಬರುತ್ತದೆ, ಗಿರಾಕಿಯ ಸ್ಟೂಲಿನ ಮೇಲೆ ಕೂರುತ್ತದೆ, ನಾನು ತಿನ್ನುವುದನ್ನೇ ನೋಡುತ್ತದೆ. ನಿನ್ನಪ್ಪ "ಅದಕ್ಕೂ ಒಂದು ತಟ್ಟೆ ಇಡು," ಅನ್ನುತ್ತಾರೆ.

ಬೆಲ್ಲು ಹೊಡೆಯಿತು. ತಟ್ಟೆ ಹಾಕಿಕೊಳ್ಳುತ್ತಿದ್ದೇನೆ. ಅಲ್ಲಿ ನೀನೂ ಕೂರು.

ನಿನ್ನ ಎದುರಿಗೆ ಕೂತಿರುವ,
ಅಮ್ಮ